ಮೊದಲು ಕಿವಿ, ಆಮೇಲೆ ಕಾಲು: ಕಾಸರಗೋಡಿನ ಮನೆಯಲ್ಲೇ ಸಾಲ್ಸಾ ಕಲಿಯಲು ಶುರುಮಾಡುವುದು ಹೇಗೆ

ಸಾಲ್ಸಾ ಎಂಬ ಜೋಡಿ ಕುಣಿತ ಕಲಿಯುವ ಆಸೆ ಇರುವವರು ನಮ್ಮ ಕಡೆಯೂ ಇದ್ದಾರೆ. ಕುಂಬಳೆಯವರಾಗಲಿ, ಮುಳ್ಳೇರಿಯದವರಾಗಲಿ, ಕೇಳುವುದು ಒಂದೇ ಪ್ರಶ್ನೆ: "ಹತ್ತಿರದಲ್ಲಿ ಕ್ಲಾಸ್ ಇಲ್ಲ. ಬೆಂಗಳೂರಿಗೆ ಹೋಗದೆ ಕಲೀಲಿಕ್ಕೆ ಆಗ್ತದಾ?" ಆಗುತ್ತದೆ. ಪೂರ್ತಿ ಅಲ್ಲದಿದ್ದರೂ ಅಡಿಪಾಯ ಖಂಡಿತ ಆಗುತ್ತದೆ.

ಮೊದಲ ಕೆಲವು ವಾರ ಕಲಿಯಬೇಕಾದದ್ದಕ್ಕೆ ಜೊತೆಗಾರರು ಬೇಡ, ದೊಡ್ಡ ಹಾಲ್ ಬೇಡ. ಫೋನ್, ಚಿಕ್ಕದೊಂದು ಸ್ಪೀಕರ್, ಚಾಪೆ ಹಾಸುವಷ್ಟು ಜಾಗ ಇದ್ದರೆ ಸಾಕು. ತೊಂದರೆ ಬರುವುದು ಅವಸರದಿಂದ. ವಿಡಿಯೊ ನೋಡಿದ ಕೂಡಲೇ ಎಲ್ಲರಿಗೂ ಗಿರ್ರನೆ ತಿರುಗಬೇಕು ಅನ್ನಿಸುತ್ತದೆ. ತಿರುಗುವುದು ಕಣ್ಣಿಗೆ ಚಂದ, ನಿಜ. ಆದರೆ ಎಂಟು ಎಣಿಕೆಯಲ್ಲಿ ಎರಡು ಕಡೆ ಕಾಲು ಹೆಜ್ಜೆ ಇಡದೆ ಕಾಯುತ್ತದಲ್ಲ, ಸಾಲ್ಸಾದ ಜೀವ ಇರುವುದು ಅಲ್ಲಿ. ಆ ಎರಡು ಜಾಗ ಕಿವಿಗೆ ಸಿಕ್ಕಿದರೆ ಉಳಿದದ್ದಕ್ಕೆ ದಾರಿ ಆಗುತ್ತದೆ. ಸಿಗದಿದ್ದರೆ ಇಪ್ಪತ್ತು ತಿರುಗು ಕಲಿತರೂ ಹಾಡು ಒಂದು ಕಡೆ, ನೀವು ಒಂದು ಕಡೆ.

ಯಾವ ಪದ್ಧತಿ ಅಂತ ಮೊದಲೇ ಆರಿಸಿಕೊಳ್ಳಿ

ಸಾಲ್ಸಾದ ಬೇರು ಕ್ಯೂಬಾದ ಸೋನ್ ಮತ್ತು ಮಾಂಬೊ ಎಂಬ ಸಂಗೀತ, ಕುಣಿತಗಳಲ್ಲಿದೆ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಪೋರ್ಟೊ ರಿಕೊ, ಕ್ಯೂಬಾ ಮೂಲದವರ ಕೈಯಲ್ಲಿ 1960 ಮತ್ತು 70ರ ದಶಕಗಳಲ್ಲಿ ಅದು ಈಗಿನ ರೂಪಕ್ಕೆ ಬಂತು. 1964ರಲ್ಲಿ ಜಾನಿ ಪಚೆಕೊ ಮತ್ತು ಜೆರ್ರಿ ಮಸೂಚಿ ಅಲ್ಲೇ ಶುರುಮಾಡಿದ ಫಾನಿಯಾ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ ಈ ಹಾಡುಗಳನ್ನು ದೂರ ದೂರಕ್ಕೆ ತಲುಪಿಸಿತು. ಕುಣಿತ ಹರಡಿದ ಹಾಗೆ ಪದ್ಧತಿಗಳೂ ಬೇರೆಯಾದವು. ನಮ್ಮ ಯಕ್ಷಗಾನದಲ್ಲಿ ತೆಂಕು, ಬಡಗು ಇದ್ದ ಹಾಗೆ ಅಲ್ಲೂ ತಿಟ್ಟುಗಳುಂಟು.

ಲಾಸ್ ಏಂಜಲೀಸ್ ಪದ್ಧತಿಯಲ್ಲಿ 1ನೇ ಎಣಿಕೆಗೆ ದೇಹ ದಿಕ್ಕು ಬದಲಿಸುತ್ತದೆ. ಇದಕ್ಕೆ ಆನ್ ಒನ್ ಎನ್ನುತ್ತಾರೆ. ನ್ಯೂಯಾರ್ಕಿನದು ಆನ್ ಟೂ, ಅಂದರೆ 2ನೇ ಎಣಿಕೆಗೆ. ಅದನ್ನು ಕ್ರಮಬದ್ಧವಾಗಿ ಕಲಿಸಿ ಹೆಸರಾದವರು ಎಡ್ಡಿ ಟೊರೆಸ್. ಕ್ಯೂಬಾದ ಕಾಸಿನೊ ಪದ್ಧತಿಯಲ್ಲಿ ಇಬ್ಬರೂ ಒಬ್ಬರ ಸುತ್ತ ಒಬ್ಬರು ಸುತ್ತುತ್ತಾರೆ. ಕೊಲಂಬಿಯಾದ ಕಾಲಿ ಊರಿನದು ಬಲು ಚುರುಕಿನ ಕಾಲುಗಾರಿಕೆ.

ಹೊಸಬರಿಗೆ ನನ್ನ ಸಲಹೆ ಆನ್ ಒನ್. ಆನ್‌ಲೈನ್‌ನಲ್ಲಿ ಆರಂಭದ ಪಾಠಗಳು ಇದರಲ್ಲಿ ಧಾರಾಳ ಸಿಗುತ್ತವೆ. ಒಬ್ಬ ಶಿಕ್ಷಕರ ವಿಡಿಯೊಗಳನ್ನು ಮಾತ್ರ ಹಿಡಿದುಕೊಳ್ಳಿ. ಇವತ್ತು ಇವರದ್ದು, ನಾಳೆ ಅವರದ್ದು ಅಂತ ನೋಡಿದರೆ 1 ಮತ್ತು 2ರ ನಡುವೆ ಕಾಲು ಗೊಂದಲಕ್ಕೆ ಬೀಳುತ್ತದೆ. ಇನ್ನೊಂದು ವಿಷಯ: ಶಿಕ್ಷಕರು ನಿಮಗೆ ಬೆನ್ನು ಹಾಕಿ ಕಲಿಸುವ ವಿಡಿಯೊ ಆರಿಸಿ. ಎದುರು ನಿಂತವರ ಎಡ ನಿಮ್ಮ ಬಲವಾಗಿ ಕಾಣುತ್ತದೆ.

ಒಂದು ವಾರ ಬರೀ ಕೇಳಿ

ಸಾಲ್ಸಾ ಸಂಗೀತ ನಾಲ್ಕು ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ಕುಣಿಯುವವರು ಎರಡು ನಾಲ್ಕನ್ನು ಸೇರಿಸಿ ಎಂಟು ಎಣಿಸುತ್ತಾರೆ. 1, 2, 3ಕ್ಕೆ ಹೆಜ್ಜೆ, 4ಕ್ಕೆ ಇಲ್ಲ. 5, 6, 7ಕ್ಕೆ ಹೆಜ್ಜೆ, 8ಕ್ಕೆ ಇಲ್ಲ.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಚೆಂಡೆ, ಮದ್ದಳೆ ಕೇಳುತ್ತಾ ಬೆಳೆದವರಿಗೆ ತಾಳ ಹೊಸತೇನಲ್ಲ. ತ್ರಿವುಡೆಯ ಏಳು, ಝಂಪೆಯ ಹತ್ತು ಕಿವಿಯಲ್ಲಿ ಇರುವವರಿಗೆ ಎಂಟು ಎಣಿಸುವುದು ಏನು ಮಹಾ, ಅಲ್ವಾ? ಆದರೂ ಒಂದು ಕಡೆ ಜಾಗ್ರತೆ ಬೇಕು. ಆಟದಲ್ಲಿ ಭಾಗವತರ ಕೈಯ ತಾಳ ನಿಮಗೆ ಜಾಗ ತೋರಿಸಿಕೊಡುತ್ತದೆ. ಸಾಲ್ಸಾದಲ್ಲಿ ಹಾಗೆ 1ನ್ನು ಎತ್ತಿ ತೋರಿಸುವವರು ಯಾರೂ ಇಲ್ಲ. ಬೇಸ್ ವಾದ್ಯವಂತೂ ಎಷ್ಟೋ ಸಲ ಬೇಕೆಂದೇ 1ನ್ನು ಬಿಟ್ಟು ಅದಕ್ಕಿಂತ ಮುಂಚೆಯೇ ನುಡಿಯುತ್ತದೆ. ಎಲ್ಲ ವಾದ್ಯಗಳೂ ತಮ್ಮ ತಮ್ಮ ದಾರಿಯಲ್ಲಿ ಹೋಗುತ್ತಾ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹಾಗಾಗಿ ಜೋರಾಗಿ ಕೇಳುವ ಪೆಟ್ಟೇ 1 ಅಂದುಕೊಳ್ಳಬೇಡಿ.

ಹಿಡಿಯಲು ಸುಲಭವಾದ ವಾದ್ಯಗಳು ಎರಡು. ಒಂದು ಕೌಬೆಲ್, ಅಂದರೆ ಕೋಲಿನಲ್ಲಿ ಬಾರಿಸುವ ಲೋಹದ ಗಂಟೆ. ಹಾಡು ಏರಿ, ಮೇಳದವರೆಲ್ಲ ಸೇರಿ ಪಲ್ಲವಿ ಹೇಳುವಾಗ ಅದರ ದಪ್ಪ ಸದ್ದು 1, 3, 5, 7ಕ್ಕೆ ಬೀಳುತ್ತದೆ. ಇನ್ನೊಂದು ಕೊಂಗಾ, ಅಂದರೆ ಕೈಯಲ್ಲಿ ಬಾರಿಸುವ ಎತ್ತರದ ವಾದ್ಯ. ಅದರಲ್ಲಿ 2 ಮತ್ತು 6ಕ್ಕೆ ಚುರುಕಾದ ಒಂದು ಪೆಟ್ಟು, 4 ಮತ್ತು 8ರ ಹತ್ತಿರ ತೆರೆದ ಕೈಯ ಎರಡು ಪೆಟ್ಟು: ಟುಂ ಟುಂ. ನಿಮ್ಮ ಕಾಲು ಸುಮ್ಮನಿರಬೇಕಾದ ಜಾಗ ಇದೇ. ಈ ಟುಂ ಟುಂ ಕೇಳಲು ಶುರುವಾದ ಮೇಲೆ 4ಕ್ಕೆ ಹೆಜ್ಜೆ ಇಡುವ ಅಭ್ಯಾಸ ತಾನಾಗಿಯೇ ಬಿಟ್ಟುಹೋಗುತ್ತದೆ.

ಎರಡು ಮರದ ಕೋಲು ಕುಟ್ಟಿದಂಥ ಸದ್ದೂ ಕೇಳಬಹುದು. ಅದು ಕ್ಲಾವೆ. ಮೊದಲ ನಾಲ್ಕರಲ್ಲಿ ಮೂರು ಪೆಟ್ಟು, ಮುಂದಿನ ನಾಲ್ಕರಲ್ಲಿ ಎರಡು ಪೆಟ್ಟು ಇರುವ ಮೂರು-ಎರಡರ ಕ್ಲಾವೆ ಆದರೆ ಅವು ಬೀಳುವುದು 1, ಎರಡೂವರೆ, 4, ಆಮೇಲೆ 6, 7ಕ್ಕೆ. ಎರಡು-ಮೂರರದ್ದು ಇದರ ತಿರುಗುಮುರುಗು. ಇಡೀ ಸಂಗೀತ ಕ್ಲಾವೆಯ ಮೇಲೆಯೇ ನಿಂತಿದೆ. ಆದರೆ ಹೊಸಬರು ಅದಕ್ಕೆ ಹೆಜ್ಜೆ ಹಾಕಲು ಹೋಗಬಾರದು. ಕೇಳಿ, ಗುರುತಿಸಿ, ಅಷ್ಟೇ.

ಅಭ್ಯಾಸ ಹೀಗಿರಲಿ. ಮೊದಲು ಎಂಟನ್ನೂ ಬಾಯಲ್ಲಿ ಹೇಳಿ. ಅದು ಸರಿಯಾದ ಮೇಲೆ 4 ಮತ್ತು 8ನ್ನು ನುಂಗಿಬಿಡಿ. ಬಾಯಿ ಮುಚ್ಚಿರಲಿ, ಎಣಿಕೆ ಒಳಗೆ ನಡೆಯುತ್ತಿರಲಿ. ಆಮೇಲೆ ಆ ಎರಡು ಜಾಗಕ್ಕೆ ಮಾತ್ರ ಚಪ್ಪಾಳೆ. ಬಸ್ಸಿನಲ್ಲಿ ಹೋಗುವಾಗ, ಅಡಿಕೆ ಸುಲಿಯುವಾಗ, ಪಾತ್ರೆ ತೊಳೆಯುವಾಗ ಮಾಡಬಹುದಾದ ಕೆಲಸ ಇದು. ಸೆಲಿಯಾ ಕ್ರೂಸ್, ಟಿಟೊ ಪುಯೆಂಟೆ, ಹೆಕ್ಟರ್ ಲಾವೊ ಈ ಹೆಸರುಗಳನ್ನು ಹುಡುಕಿದರೆ ತಿಂಗಳುಗಟ್ಟಲೆ ಕೇಳುವಷ್ಟು ಹಾಡು ಸಿಗುತ್ತದೆ.

ವೇಗ ನೋಡಿ ಹೆದರಬೇಡಿ. ಕುಣಿಯುವ ಹಾಡುಗಳು ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 220 ಎಣಿಕೆಯವು. 180ರ ಹಾಡಿನಲ್ಲಿ ಎಂಟು ಎಣಿಕೆ ಮೂರು ಸೆಕೆಂಡಿಗೆ ಮೊದಲೇ ಮುಗಿಯುತ್ತದೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಅದೇ ಹಾಡು 135ಕ್ಕೆ ಬರುತ್ತದೆ. ಶುರುವಿಗೆ ಅದು ಹದವಾದ ವೇಗ.

ಭಾರ ಯಾವ ಕಾಲಿನ ಮೇಲಿದೆ?

ಎರಡನೇ ವಾರ ಹೆಜ್ಜೆಗೆ ಬನ್ನಿ. ಅದಕ್ಕಿಂತ ಮೊದಲು ಐದು ನಿಮಿಷ ನಿಂತಲ್ಲೇ ಭಾರ ಬದಲಿಸಿ. ಪೂರ್ತಿ ಭಾರ ಎಡಗಾಲಿಗೆ, ಆಮೇಲೆ ಪೂರ್ತಿ ಭಾರ ಬಲಗಾಲಿಗೆ. ಸರಿಯಾಗಿದೆಯಾ ಅಂತ ನೋಡಲು ಖಾಲಿ ಇರುವ ಕಾಲನ್ನು ಎತ್ತಿ ನೋಡಿ. ಮೈ ಅಲುಗದೆ ಎತ್ತಲು ಬಂದರೆ ಭಾರ ಸರಿಯಾಗಿ ಹೋಗಿದೆ ಅಂತ ಅರ್ಥ. ಅಲುಗಿದರೆ ಅರ್ಧ ಭಾರ ಇನ್ನೂ ಹಿಂದೆಯೇ ಉಳಿದಿದೆ.

ಸೊಂಟದ ಬಗ್ಗೆ ಕೇಳುವವರು ಜಾಸ್ತಿ. ಸೊಂಟ ಕುಣಿಸಲು ಪ್ರಯತ್ನವನ್ನೇ ಮಾಡಬೇಡಿ. ಒಂದು ಮಂಡಿ ಮಡಚಿ, ಇನ್ನೊಂದು ನೇರವಾಗಿ, ಭಾರ ಪೂರ್ತಿ ಹೋದಾಗ ಸೊಂಟ ತಾನೇ ಆ ಬದಿಗೆ ಸರಿಯುತ್ತದೆ. ಸಾಲ್ಸಾದಲ್ಲಿ ಕಾಣುವ ಆ ಚೆಲುವು ಮಂಡಿಯಿಂದ ಬರುವಂಥದ್ದು. ಬೇಕೆಂದು ಅಲುಗಿಸಿದರೆ ನೋಡಲು ಚೆನ್ನಾಗಿಲ್ಲ, ಬೆನ್ನಿಗೂ ನೋವು.

ಮೂಲ ಹೆಜ್ಜೆ

ಜೋಡಿ ಕುಣಿತದಲ್ಲಿ ಒಬ್ಬರು ಲೀಡ್, ಅಂದರೆ ನಡೆಸುವವರು, ಇನ್ನೊಬ್ಬರು ಫಾಲೋ, ಅಂದರೆ ಅನುಸರಿಸುವವರು. ಲೀಡ್ ಮಾಡುವವರ ಹೆಜ್ಜೆ ಹೀಗೆ:

1: ಎಡಗಾಲು ಮುಂದೆ
2: ಬಲಗಾಲು ಇದ್ದಲ್ಲೇ, ಭಾರ ಅದಕ್ಕೆ
3: ಎಡಗಾಲು ಮತ್ತೆ ನಡುವಿಗೆ, ಭಾರ ಎಡಕ್ಕೆ
4: ಹೆಜ್ಜೆ ಇಲ್ಲ
5: ಬಲಗಾಲು ಹಿಂದೆ
6: ಎಡಗಾಲು ಇದ್ದಲ್ಲೇ, ಭಾರ ಅದಕ್ಕೆ
7: ಬಲಗಾಲು ಮತ್ತೆ ನಡುವಿಗೆ, ಭಾರ ಬಲಕ್ಕೆ
8: ಹೆಜ್ಜೆ ಇಲ್ಲ

ಫಾಲೋ ಮಾಡುವವರದು ಇದರ ಎದುರು ರೂಪ. 1ಕ್ಕೆ ಬಲಗಾಲು ಹಿಂದೆ, 2ಕ್ಕೆ ಎಡಗಾಲು ಇದ್ದಲ್ಲೇ, 3ಕ್ಕೆ ಬಲಗಾಲು ನಡುವಿಗೆ. 5ಕ್ಕೆ ಎಡಗಾಲು ಮುಂದೆ, 6ಕ್ಕೆ ಬಲಗಾಲು ಇದ್ದಲ್ಲೇ, 7ಕ್ಕೆ ಎಡಗಾಲು ನಡುವಿಗೆ.

ಹೆಜ್ಜೆ ಚಿಕ್ಕದಿರಲಿ, ನಿಮ್ಮದೇ ಪಾದದಷ್ಟು ಉದ್ದ ಇದ್ದರೆ ಸಾಕು. ಹಾಡು ವೇಗವಾದ ಹಾಗೆ ಇನ್ನೂ ಚಿಕ್ಕದು ಮಾಡಿ. ಪಾದದ ಮುಂಭಾಗ ಮೊದಲು ನೆಲ ಮುಟ್ಟಲಿ, ಹಿಮ್ಮಡಿ ಆಮೇಲೆ. ಹಿಂದೆ ಹೋಗುವಾಗ ಮೈ ಹಿಂದಕ್ಕೆ ವಾಲಬಾರದು. ಎದೆ ಇದ್ದಲ್ಲೇ ಇದ್ದು ಕಾಲು ಮಾತ್ರ ಹಿಂದೆ ಹೋಗಬೇಕು. ಕಣ್ಣು ನೆಲ ನೋಡುತ್ತಿದ್ದರೆ ಬೆನ್ನು ಬಾಗುತ್ತದೆ. ಗೋಡೆಯ ಮೇಲೆ ಒಂದು ಗುರುತು ಇಟ್ಟುಕೊಂಡು ಅದನ್ನೇ ನೋಡಿ.

4 ಮತ್ತು 8ಕ್ಕೆ ಕಾಲು ಕಲ್ಲಿನ ಹಾಗೆ ನಿಲ್ಲಬೇಕಾಗಿಲ್ಲ. 3ಕ್ಕೆ ಭಾರ ಎಡಗಾಲಿಗೆ ಬಂದಿದೆ, ಬಲಗಾಲು ಖಾಲಿ ಇದೆ. 4ರಲ್ಲಿ ಆ ಖಾಲಿ ಕಾಲು ನಿಧಾನಕ್ಕೆ 5ಕ್ಕೆ ಹಿಂದಕ್ಕೆ ಇಡುವ ಹೆಜ್ಜೆಗೆ ತಯಾರಾಗುತ್ತದೆ. ಭಾರ ಮಾತ್ರ ಬದಲಾಗಬಾರದು. ಹೊಸಬರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲೇ: 4ಕ್ಕೆ ಸುಮ್ನೆ ಒಂದು ಹೆಜ್ಜೆ ಇಟ್ಟುಬಿಡುವುದು. ಆಗ 5ಕ್ಕೆ ಬೇಕಾದ ಕಾಲು ಸಿಕ್ಕಿಬಿದ್ದಿರುತ್ತದೆ, ಅಲ್ಲಿಂದ ಮುಂದೆ ಎಲ್ಲ ಅದಲುಬದಲು. ಹಾಗಾದರೆ ಹಾಡಿನ ಹಿಂದೆ ಓಡಬೇಡಿ. ನಿಂತು, ಮುಂದಿನ 1ಕ್ಕೆ ಕಾದು, ಮತ್ತೆ ಹೊರಡಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಭಾನುವಾರ ಮಾತ್ರ ಎರಡು ಗಂಟೆ ಕುಣಿದರೆ ಕಾಲಿಗೆ ನೆನಪು ಉಳಿಯುವುದಿಲ್ಲ. ಮೂಲ ಹೆಜ್ಜೆ ಹಾಕುತ್ತಾ ಮನೆಯವರ ಜೊತೆ ಮಾತಾಡಲು ಬಂದ ದಿನ ಅದು ಕೂತಿದೆ ಅಂತ ತಿಳಿಯಿರಿ. ಆಮೇಲೆ ಅದೇ ಲೆಕ್ಕದಲ್ಲಿ ಬದಿಯ ಹೆಜ್ಜೆ: 1ಕ್ಕೆ ಎಡಕ್ಕೆ, 5ಕ್ಕೆ ಬಲಕ್ಕೆ.

ಯಕ್ಷಗಾನ, ಭರತನಾಟ್ಯ ಕಲಿತವರಿಗೆ ಬೇರೆ ಮಾತು

ನಮ್ಮ ಜಿಲ್ಲೆಯಲ್ಲಿ ಇಂಥವರು ಎಷ್ಟೋ ಮಂದಿ. ಶಾಲಾ ಕಲೋತ್ಸವಕ್ಕೆ ವೇಷ ಕಟ್ಟಿದವರು, ಚಿಕ್ಕಂದಿನಿಂದ ಗೆಜ್ಜೆ ಕಟ್ಟಿದವರು. ನಿಮಗೆ ತಾಳ ಬೇಗ ಬರುತ್ತದೆ, ಮೈಯಲ್ಲಿ ಅಂಜಿಕೆ ಇಲ್ಲ, ಹತ್ತು ಜನರ ಎದುರು ನಿಂತು ಗೊತ್ತು. ದೊಡ್ಡ ಆಸ್ತಿ ಅದು. ಆದರೆ ಮೂರು ಅಭ್ಯಾಸಗಳನ್ನು ಸಾಲ್ಸಾದ ಹೊತ್ತಿಗೆ ಪಕ್ಕಕ್ಕಿಡಬೇಕು.

ತೆಂಕುತಿಟ್ಟಿನವರಿಗೆ ಧೀಂಗಿಣದ ರಭಸ ಕಾಲಲ್ಲೇ ಇರುತ್ತದೆ, ಮೈ ಮೇಲಕ್ಕೆ ಹಾರಲು ನೋಡುತ್ತದೆ. ಸಾಲ್ಸಾದಲ್ಲಿ ತಲೆ ಒಂದೇ ಎತ್ತರದಲ್ಲಿ ಇರಬೇಕು. ಕನ್ನಡಿ ಎದುರು ನಿಂತು, ಹಿಂದಿನ ಕಿಟಕಿಯ ಒಂದು ಸರಳಿಗೆ ತಲೆಯ ಮಟ್ಟ ಹೊಂದಿಸಿಕೊಂಡು ಕುಣಿದು ನೋಡಿ. ಭರತನಾಟ್ಯದವರು ಪಾದ ಚಪ್ಪಟೆಯಾಗಿ ತಟ್ಟುತ್ತಾರೆ. ಇಲ್ಲಿ ತಟ್ಟುವ ಬದಲು ನೆಲವನ್ನು ಒತ್ತಬೇಕು, ಸದ್ದು ಬರಬಾರದು. ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತೆರೆದುಕೊಳ್ಳುತ್ತದೆ, ಇಲ್ಲಿ ಮಂಡಿ ಮುಂದಕ್ಕೆ ನೋಡುತ್ತಿರಬೇಕು. ಇಲ್ಲದಿದ್ದರೆ ಎದುರಿಗೆ ಇರುವವರ ಮಂಡಿಗೆ ತಾಗುತ್ತದೆ.

ನೆಲ, ಶೂ, ಮಳೆ

ಮಂಡಿಯ ಆರೋಗ್ಯಕ್ಕೆ ಸಂಬಂಧಿಸಿದ್ದು, ಹಾಗಾಗಿ ದಯವಿಟ್ಟು ಗಮನ ಕೊಡಿ. ಸಾಲ್ಸಾದಲ್ಲಿ ಪಾದ ನೆಲದ ಮೇಲೆ ಸ್ವಲ್ಪ ತಿರುಗಬೇಕು. ರಬ್ಬರ್ ತಳದ ಸ್ಪೋರ್ಟ್ಸ್ ಶೂ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಬರಿ ಸಾಕ್ಸ್ ಹಾಕಿದರೆ ಟೈಲ್ಸ್ ಮೇಲೆ ಜಾರುತ್ತೀರಿ. ಹವಾಯಿ ಚಪ್ಪಲಿ ಬೇಡವೇ ಬೇಡ.

ಚರ್ಮದ ತಳದ ಹಳೆಯ ಫಾರ್ಮಲ್ ಶೂ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ, ಕಾಲಿಗೆ ಸರಿಯಾಗಿ ಕೂರುವ ಒಂದು ಹಳೆಯ ಶೂ ತೆಗೆದುಕೊಂಡು ಹೋಗಿ, ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ತೆಳುವಾದ ಚರ್ಮದ ತಳ ಅಂಟಿಸಿಕೊಳ್ಳಿ. ಒರಟು ಬದಿ ಕೆಳಗೆ ಬರಲಿ. ಅದನ್ನು ಹಾಕಿಕೊಂಡು ಅಂಗಳಕ್ಕೆ ಇಳಿಯಬೇಡಿ, ಒದ್ದೆಯಾದರೆ ಹಾಳು. ಹೆಣ್ಣುಮಕ್ಕಳು ಹೈಹೀಲ್ಸ್‌ನಲ್ಲೇ ಶುರುಮಾಡಬೇಕು ಅಂತ ಏನೂ ಇಲ್ಲ. ಚಪ್ಪಟೆ ಶೂನಲ್ಲಿ ಕಲಿತು ಆಮೇಲೆ ಬೇಕಾದರೆ ನೋಡಬಹುದು.

ಜೂನ್ ಬಂತೆಂದರೆ ನಮ್ಮಲ್ಲಿ ನೆಲವೇ ಬೆವರುತ್ತದೆ. ಶುರುಮಾಡುವ ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಸ್ವಲ್ಪ ಹೊತ್ತು ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಬೇಗ ಅಥವಾ ರಾತ್ರಿ ಊಟಕ್ಕೆ ಮುಂಚೆ ಮಾಡಿ. ಹತ್ತಿರ ಒಂದು ಚೆಂಬು ನೀರಿರಲಿ.

ಜೊತೆ ಯಾರು?

ನಮ್ಮ ಊರುಗಳಲ್ಲಿ ನಿಜವಾಗಿ ಕಷ್ಟ ಇರುವುದು ಇಲ್ಲಿ. ಪರಿಚಯ ಇಲ್ಲದ ಗಂಡು ಹೆಣ್ಣು ಕೈ ಹಿಡಿದು ಕುಣಿದರೆ ಮಾತು ಹುಟ್ಟುತ್ತದೆ. ಅದನ್ನು ಇಲ್ಲ ಅಂತ ನಟಿಸಿ ಪ್ರಯೋಜನ ಇಲ್ಲ, ಅದಕ್ಕೆ ಹೆದರಿ ಆಸೆ ಬಿಡುವುದೂ ಬೇಡ.

ಲೀಡ್ ಅಂದರೆ ಗಂಡು, ಫಾಲೋ ಅಂದರೆ ಹೆಣ್ಣು ಎಂಬ ಕಡ್ಡಾಯ ಇಲ್ಲ. ಅಕ್ಕ ತಂಗಿ ಕಲಿಯಬಹುದು. ಇಬ್ಬರು ಗೆಳತಿಯರು ಕಲಿಯಬಹುದು. ಇಬ್ಬರು ಹುಡುಗರು ಸರದಿಯಲ್ಲಿ ಲೀಡ್, ಫಾಲೋ ಎರಡೂ ಕಲಿತರೆ ಇನ್ನೂ ಒಳ್ಳೆಯದು. ಎರಡೂ ಬದಿ ಗೊತ್ತಿರುವವರ ಕೈ ಮೆತ್ತಗಿರುತ್ತದೆ. ಗಂಡ ಹೆಂಡತಿ ಕಲಿಯುವುದಾದರೆ ಒಂದೇ ನಿಯಮ: ಕುಣಿಯುವಾಗ ಒಬ್ಬರು ಇನ್ನೊಬ್ಬರನ್ನು ತಿದ್ದಬಾರದು. ಹಾಡು ಮುಗಿಯಲಿ, ಆಮೇಲೆ ಒಂದೇ ಒಂದು ವಿಷಯ ಹೇಳಿ.

ನಾಲ್ಕಾರು ಜನ ಆದರೆ ರುಯೆದಾ ಮಾಡಿ ನೋಡಿ. 1950ರ ದಶಕದ ಕೊನೆಯಲ್ಲಿ ಹವಾನಾದಲ್ಲಿ ಹುಟ್ಟಿದ ಪದ್ಧತಿ ಇದು. ಜೋಡಿಗಳು ವೃತ್ತದಲ್ಲಿ ನಿಲ್ಲುತ್ತಾರೆ, ಒಬ್ಬರು ಕೂಗಿ ಹೇಳಿದ ಹಾಗೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿ ಜೊತೆ ಬದಲಿಸುತ್ತಾರೆ. ಒಪ್ಪನ, ತಿರುವಾದಿರ, ಕೋಲಾಟ ನೋಡಿದ ಕಣ್ಣಿಗೆ ವೃತ್ತದ ಕುಣಿತ ಅಪರಿಚಿತ ಅಲ್ಲ. ಸಂಕೋಚವೂ ಬೇಗ ಹೋಗುತ್ತದೆ. ಮನೆಯ ಚಾವಡಿಯಲ್ಲಿ, ಬಾಗಿಲು ತೆರೆದಿಟ್ಟು ಅಭ್ಯಾಸ ಮಾಡಿ. "ಅಮ್ಮಾ, ನೀವು ಎಣಿಸಿ" ಅಂತ ಹಿರಿಯರನ್ನು ಒಳಗೆ ಸೇರಿಸಿಕೊಳ್ಳಿ. ಏನು ನಡೆಯುತ್ತಿದೆ ಅಂತ ಕಣ್ಣಾರೆ ಕಂಡವರಿಗೆ ಅನುಮಾನ ಇರುವುದಿಲ್ಲ.

ಹಿಡಿತದ ವಿಷಯ. ಶುರುವಿಗೆ ಎರಡೂ ಕೈ ಹಿಡಿದು, ನಡುವೆ ಒಂದು ಮೊಳಕ್ಕಿಂತ ಜಾಸ್ತಿ ಜಾಗ ಬಿಟ್ಟು ನಿಲ್ಲಿ. ಲೀಡ್‌ನ ಅಂಗೈ ಮೇಲ್ಮುಖ, ಫಾಲೋನ ಬೆರಳು ಅದರ ಮೇಲೆ. ಹೆಬ್ಬೆರಳಿನಲ್ಲಿ ಅದುಮಿ ಹಿಡಿಯಬಾರದು. ಮೊಣಕೈ ಮೈಯಿಂದ ಸ್ವಲ್ಪ ಮುಂದೆ ಇರಲಿ, ಜೋತು ಬೀಳಬಾರದು, ಮರದ ಹಾಗೆ ಬಿಗಿಯಾಗಲೂ ಬಾರದು. ಹತ್ತಿರದ ಹಿಡಿತದಲ್ಲಿ ಲೀಡ್‌ನ ಬಲಗೈ ಇರಬೇಕಾದದ್ದು ಫಾಲೋನ ಎಡ ಹೆಗಲೆಲುಬಿನ ಮೇಲೆ. ಸೊಂಟದ ಮೇಲೆ ಅಲ್ಲ. ಎಳೆದು, ತಳ್ಳಿ ನಡೆಸುವುದು ಲೀಡ್ ಅಲ್ಲ. ನಿಮ್ಮ ಮೈ ಮುಂದೆ ಹೋದರೆ ಆ ಸುದ್ದಿ ಕೈಯ ಮೂಲಕ ಎದುರಿನವರಿಗೆ ತಲುಪಬೇಕು. ಫಾಲೋ ಮಾಡುವವರು ಮುಂದೇನು ಅಂತ ಊಹಿಸಿ ಓಡಬೇಡಿ, ಕಾಯಿರಿ.

ಈಗ ತಿರುಗಿ

ಮೂಲ ಹೆಜ್ಜೆ ಕೂತ ಮೇಲೆ ಫಾಲೋನ ಬಲ ತಿರುಗು. 1, 2 ಎಂದಿನಂತೆ. 3ರ ಹೊತ್ತಿಗೆ ಲೀಡ್ ತನ್ನ ಎಡಗೈಯನ್ನು, ಅದರಲ್ಲಿರುವ ಫಾಲೋನ ಬಲಗೈಯ ಜೊತೆ, ಮೇಲೆತ್ತಬೇಕು. ಅದೇ ಸೂಚನೆ. ಫಾಲೋ 5ಕ್ಕೆ ಎಡಗಾಲು ಮುಂದಿಟ್ಟು, ಬಲಕ್ಕೆ ಅರ್ಧ ತಿರುಗಿ 6ಕ್ಕೆ ಭಾರವನ್ನು ಬಲಗಾಲಿಗೆ ಕೊಟ್ಟು, ಉಳಿದ ಅರ್ಧ ತಿರುಗಿ 7ಕ್ಕೆ ಎಡಗಾಲು ನಡುವಿಗೆ ತರಬೇಕು. ಲೀಡ್‌ನ ಕಾಲು ಆಗಲೂ ಮೂಲ ಹೆಜ್ಜೆಯಲ್ಲೇ ಇರುತ್ತದೆ. ಕೈ ಫಾಲೋನ ತಲೆಯ ಮೇಲೆ ಚಿಕ್ಕ ಸುತ್ತು ಬರಬೇಕು, ಬೆರಳುಗಳು ಸಡಿಲ. ತಲೆ ಸುತ್ತುವವರು ಎದುರಿನ ಒಂದು ಗುರುತನ್ನು ಸಾಧ್ಯವಾದಷ್ಟು ಹೊತ್ತು ನೋಡಿ, ಕೊನೆಗೆ ತಲೆಯನ್ನು ಥಟ್ಟನೆ ತಿರುಗಿಸಿ ಮತ್ತೆ ಅದನ್ನೇ ನೋಡಿ.

ಇದರ ನಂತರ ಕ್ರಾಸ್ ಬಾಡಿ ಲೀಡ್. ಲೀಡ್ 1ಕ್ಕೆ ಎಂದಿನಂತೆ ಮುಂದೆ, 2 ಮತ್ತು 3ರಲ್ಲಿ ಎಡಕ್ಕೆ ತಿರುಗಿ ದಾರಿ ಬಿಟ್ಟು ನಿಲ್ಲುತ್ತಾರೆ. ಫಾಲೋ 5, 6, 7ರಲ್ಲಿ ಎದುರಿಂದ ನೇರ ನಡೆದುಹೋಗಿ ಆಚೆ ಬದಿಯಲ್ಲಿ ತಿರುಗಿ ನಿಲ್ಲುತ್ತಾರೆ. ಇಬ್ಬರ ಜಾಗ ಅದಲುಬದಲು. ಮುಂದೆ ಕಲಿಯುವ ಎಷ್ಟೋ ಸಂಗತಿಗಳು ಇದರ ಮೇಲೆಯೇ ಕಟ್ಟಿದವು, ಹಾಗಾಗಿ ಒಂದು ತಿಂಗಳು ಬೇಕಾದರೂ ಕೊಡಿ. ಎತ್ತುವುದು, ಹಿಂದಕ್ಕೆ ಬಾಗಿಸುವುದು ಇವನ್ನು ವಿಡಿಯೊ ನೋಡಿ ಮಾಡಲೇಬೇಡಿ. ಎದುರಿಗೆ ನಿಂತು ಹೇಳಿಕೊಡುವವರು ಬೇಕು.

ಊರಿನಿಂದ ಹೊರಗೆ ಹೋಗುವಾಗ

ಎರಡು ಮೂರು ತಿಂಗಳ ಮೇಲೆ ಹೊಸ ಜನರ ಜೊತೆ ಕುಣಿಯಲೇಬೇಕು. ಒಬ್ಬರ ಜೊತೆಯೇ ಕಲಿತರೆ ಅವರ ಅಭ್ಯಾಸ ಮಾತ್ರ ಕೈಗೆ ಬರುತ್ತದೆ. ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಹೋಗಿ ಬರುವ ದೂರ. ಬೆಂಗಳೂರಿನಲ್ಲಿ ಸಾಲ್ಸಾ ಕಲಿಸುವ ಕಡೆಗಳೂ, ಎಲ್ಲರೂ ಸೇರಿ ಕುಣಿಯುವ ಸಂಜೆಗಳೂ ಜಾಸ್ತಿ. ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಒಂದು ಪಾಠ ಕೂತು ನೋಡಲು ಬಿಡುತ್ತಾರಾ ಕೇಳಿ. ಶಿಕ್ಷಕರು ಎಣಿಕೆ ಮಾತ್ರ ಹೇಳದೆ ಹಾಡು ಹಾಕಿ ಕಲಿಸುತ್ತಾರಾ, ಜೊತೆ ಬದಲಿಸುತ್ತಾರಾ, ಮುಟ್ಟುವ ಮೊದಲು ಕೇಳುತ್ತಾರಾ ಅಂತ ಗಮನಿಸಿ. ಮೊದಲ ವಾರವೇ ಸ್ಟೇಜ್ ಶೋ ಮಾಡಿಸುತ್ತೇವೆ ಅನ್ನುವ ಕಡೆ ನಾನಾದರೆ ಹೋಗುವುದಿಲ್ಲ.

ಕುಣಿಯುವ ಸಂಜೆಗೆ ಎರಡು ಅಂಗಿ, ಒಂದು ಟವೆಲ್ ಇಟ್ಟುಕೊಳ್ಳಿ. ಉಗುರು ಕತ್ತರಿಸಿರಲಿ, ದೊಡ್ಡ ಉಂಗುರ, ಗಡಿಯಾರ ತೆಗೆದಿಡಿ. "ಒಂದು ಹಾಡಿಗೆ ಬರ್ತೀರಾ?" ಅಂತ ಕೇಳಿ. ಬೇಡ ಅಂದರೆ ಬೇಡ, ಕಾರಣ ಕೇಳಬೇಡಿ. ನಿಮಗೂ ಬೇಡ ಅನ್ನುವ ಹಕ್ಕುಂಟು. ಯಾರಾದರೂ ಬೇಕೆಂದೇ ಅಂಟಿಕೊಂಡರೆ ಹಾಡಿನ ನಡುವೆಯೇ ಕೈ ಬಿಟ್ಟು ಹೊರಗೆ ಬನ್ನಿ. "ನಾನು ಹೊಸಬ, ಮೂಲ ಹೆಜ್ಜೆ ಮಾತ್ರ ಗೊತ್ತು" ಅಂತ ಮೊದಲೇ ಹೇಳಿಬಿಡಿ. ಲಯ ತಪ್ಪದೆ ಮೂಲ ಹೆಜ್ಜೆ ಹಾಕುವವರ ಜೊತೆ ಕುಣಿಯಲು ಅನುಭವಿಗಳಿಗೂ ಇಷ್ಟ. ಹಿಂದಿರುಗುವ ರೈಲಿನ ಹೊತ್ತು ಮುಂಚೆಯೇ ನೋಡಿಕೊಳ್ಳಿ, ಇಂಥ ಸಂಜೆಗಳು ರಂಗೇರುವುದು ತಡವಾಗಿ.

ಅಲ್ಲಿ ಯಾವ ಹಾಡಿಗೆ ಎಣಿಕೆ ತಪ್ಪಿತೋ ಅದರ ಹೆಸರನ್ನು ಡಿಜೆ ಹತ್ತಿರ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ಅದನ್ನೇ 0.75ರ ವೇಗದಲ್ಲಿ ಹಾಕಿ, ಮೊದಲು ಕೊಂಗಾದ ಆ ಎರಡು ಪೆಟ್ಟು ಎಲ್ಲಿದೆ ಅಂತ ಹುಡುಕಿ.